ಬಾಳೆಹಣ್ಣಿನ ಸಿಪ್ಪೆ, ನೈಟ್ರೋ ಮತ್ತು ಆಗುಂಬೆಯ 14 ತಿರುವುಗಳು



ಒಂದು ಮಳೆಗಾಲದ ದಿನ ಆಗುಂಬೆ ಸಮೀಪದ ಶಾಲೆಯೊಂದಕ್ಕೆ ಹೋಗಿದ್ದೆ. ಏಳನೇ ತರಗತಿಯ ಹುಡುಗನೊಬ್ಬ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕೊನೆಯ ಬೆಂಚಿನಲ್ಲಿ ಕುಳಿತಿದ್ದ. "ಏನಾಯಿತು?" ಎಂದು ಕೇಳಿದೆ. "ಇಳಿಜಾರಿನ ತಿರುವಿನಲ್ಲಿ ಸೈಕಲ್ ಸ್ಕಿಡ್ ಮಾಡಿದೆ ಸಾರ್. ಆಟದಲ್ಲಿ ಹಾಗೆ ಮಾಡಿದರೆ ವೇಗ ಜಾಸ್ತಿ ಆಗುತ್ತೆ" ಎಂದ. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಅವನು ಹೇಳುವ ಆಟ ಯಾವುದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯವನ್ನು ಪರೀಕ್ಷಿಸಿ ನೋಡಬೇಕು ಎಂದು ನಿಮಗೆ ಹೇಳಿಕೊಡುವವನು ನಾನೇ ಅಲ್ಲವೇ? ಹಾಗಾಗಿ ಆ ವಾರವೇ ಆಟವನ್ನು ಆಡಿ ನೋಡಿದೆ. ನನ್ನ ಮೊದಲ ಅನುಭವ ಹೇಗಿತ್ತು, ಅದರಲ್ಲಿ ವಿಜ್ಞಾನ ಎಷ್ಟಿದೆ, ಕಲ್ಪನೆ ಎಷ್ಟಿದೆ ಎಂಬುದನ್ನು ಇಲ್ಲಿ ನೋಡೋಣ.

ಆಟ ಹೇಗಿದೆ?

ಆಟದ ಹೆಸರು ಸೂಪರ್‌ಟಕ್ಸ್‌ಕಾರ್ಟ್. ಇದು ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ. ಅಂದರೆ ಆಟದ ಒಳಗಿನ ಲೆಕ್ಕಾಚಾರ ಹೇಗಿದೆ ಎಂದು ಯಾರು ಬೇಕಾದರೂ ತೆರೆದು ಓದಬಹುದು. ಕಂಪ್ಯೂಟರಿನಲ್ಲೂ ಮೊಬೈಲಿನಲ್ಲೂ ಆಡಬಹುದು. 2019ರಲ್ಲಿ ಬಂದ 1.0 ಆವೃತ್ತಿಯಿಂದ ಅಂತರ್ಜಾಲದ ಮೂಲಕ ಬೇರೆ ಬೇರೆ ಊರಿನವರೂ ಒಟ್ಟಿಗೆ ಸ್ಪರ್ಧಿಸಬಹುದು. ಟಕ್ಸ್ ಎಂಬ ಪೆಂಗ್ವಿನ್ ಇದರ ನಾಯಕ. ಅದರ ಜೊತೆಗೆ ಇತರ ಪಾತ್ರಗಳೂ ಪುಟ್ಟ ಗಾಡಿಗಳಲ್ಲಿ ಕುಳಿತು ಓಡುತ್ತವೆ.

ಹಾದಿಯಲ್ಲಿ ಉಡುಗೊರೆ ಪೆಟ್ಟಿಗೆಗಳು ಇರುತ್ತವೆ. ಅವನ್ನು ಮುಟ್ಟಿದರೆ ಯಾವುದೋ ಒಂದು ವಸ್ತು ಸಿಗುತ್ತದೆ: ಎದುರಾಳಿಯ ಕಡೆಗೆ ಉರುಳಿಸುವ ಚೆಂಡು, ಮುಂದಿರುವವರ ಬೆನ್ನಿಗೆ ಅಂಟುವ ಪ್ಯಾರಾಚೂಟ್, ಹಿಂದೆ ಬರುವವರಿಗಾಗಿ ರಸ್ತೆಗೆ ಉಗುಳುವ ಬಬಲ್‌ಗಮ್. ಇವನ್ನು 'ಪವರ್-ಅಪ್' ಎನ್ನುತ್ತಾರೆ. ಬಾಳೆಹಣ್ಣನ್ನು ಮುಟ್ಟಿದರೆ ಮಾತ್ರ ಶಿಕ್ಷೆ.

ಮೊದಲ ಸ್ಪರ್ಧೆಯಲ್ಲಿ ನಾನು ಕೊನೆಯವನಾದೆ. ಎರಡನೆಯದರಲ್ಲೂ ಕೊನೆಯವನೇ! ಆದರೆ ಒಂದು ಸಂಗತಿ ಗಮನಕ್ಕೆ ಬಂತು. ಹಿಂದೆ ಬಿದ್ದಷ್ಟೂ ಪೆಟ್ಟಿಗೆಯಲ್ಲಿ ಹೆಚ್ಚು ಉಪಯೋಗದ ವಸ್ತುಗಳು ಸಿಗುತ್ತಿದ್ದವು. ಯಾರಿಗೂ ಬೇಸರವಾಗದಿರಲಿ ಎಂದು ಆಟ ಬರೆದವರು ಮಾಡಿದ ಏರ್ಪಾಡು ಇದು. ಇದು ಮನುಷ್ಯರು ಮಾಡಿದ ನಿಯಮ ಎಂಬುದನ್ನು ನೆನಪಿಡಿ. ಈ ಮಾತು ಮುಂದೆ ಬೇಕಾಗುತ್ತದೆ.

ಆಟದ ವಸ್ತುಗಳ ಹಿಂದಿನ ವಿಜ್ಞಾನ

1. ಬಾಳೆಹಣ್ಣಿನ ಸಿಪ್ಪೆ: ಸಿಪ್ಪೆಯ ಮೇಲೆ ಕಾಲಿಟ್ಟರೆ ಜಾರುತ್ತೇವೆ ಎಂಬುದು ನಿಮಗೆಲ್ಲ ಗೊತ್ತು. ಎಷ್ಟು ಜಾರುತ್ತದೆ? ಜಪಾನಿನ ವಿಜ್ಞಾನಿಗಳು ಇದನ್ನು ನಿಜವಾಗಿಯೂ ಅಳೆದಿದ್ದಾರೆ. ಕಿಯೋಶಿ ಮಬುಚಿ ಮತ್ತು ಸಂಗಡಿಗರು ನೆಲದ ಮೇಲೆ ಸಿಪ್ಪೆ ಇಟ್ಟು, ಅದನ್ನು ಪಾದರಕ್ಷೆಯಿಂದ ಮೆಟ್ಟಿದಾಗ ಘರ್ಷಣಾ ಗುಣಾಂಕ ಸುಮಾರು 0.07 ಎಂದು ಕಂಡುಕೊಂಡರು. ಒಣ ಡಾಂಬರು ರಸ್ತೆಯಲ್ಲಿ ರಬ್ಬರ್ ಟಯರಿಗೆ ಇದು ಸುಮಾರು 0.7. ಅಂದರೆ ಸಿಪ್ಪೆಯ ಮೇಲಿನ ಹಿಡಿತ ಹತ್ತನೇ ಒಂದು ಪಾಲು ಮಾತ್ರ! ಸಿಪ್ಪೆಯ ಒಳಭಾಗದಲ್ಲಿರುವ ಲೋಳೆಯೇ ಇದಕ್ಕೆ ಕಾರಣ. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ 2014ರಲ್ಲಿ ಇವರಿಗೆ ಬಂತು.

2. ಪ್ಯಾರಾಚೂಟ್: ಇದು ವಾಯುರೋಧದ ಪಾಠ. ಬಟ್ಟೆ ಅರಳಿದಾಗ ಅದು ಬಹಳಷ್ಟು ಗಾಳಿಯನ್ನು ತಳ್ಳಬೇಕಾಗುತ್ತದೆ. ಗಾಳಿ ತಿರುಗಿ ಎಳೆದು ನಿಲ್ಲಿಸುತ್ತದೆ. ಕೆಲವು ಯುದ್ಧವಿಮಾನಗಳು ನೆಲಕ್ಕಿಳಿದ ಕೂಡಲೇ ಬಾಲದಿಂದ ಪ್ಯಾರಾಚೂಟ್ ಬಿಚ್ಚುವುದು ಇದೇ ಕಾರಣಕ್ಕೆ. ಆಟದಲ್ಲಿ ಇದು ಸರಿಯಾಗಿಯೇ ಇದೆ.

3. ನೈಟ್ರೋ: ಡಬ್ಬಿ ಸಂಗ್ರಹಿಸಿ ಗುಂಡಿ ಒತ್ತಿದರೆ ಗಾಡಿ ಮುನ್ನುಗ್ಗುತ್ತದೆ. ನಿಜವಾದ ಸ್ಪರ್ಧೆಯ ಕೆಲವು ಕಾರುಗಳಲ್ಲಿ ನೈಟ್ರಸ್ ಆಕ್ಸೈಡ್ ಎಂಬ ಅನಿಲ ಬಳಸುತ್ತಾರೆ. ಈ ಅನಿಲ ತಾನೇ ಇಂಧನವಲ್ಲ. ಎಂಜಿನ್ನಿನ ಶಾಖಕ್ಕೆ ಅದು ಒಡೆದು ಸಾರಜನಕ ಮತ್ತು ಆಮ್ಲಜನಕವಾಗುತ್ತದೆ. ಗಾಳಿಯಲ್ಲಿ ಆಮ್ಲಜನಕ ಶೇಕಡ 21 ಇದ್ದರೆ, ಈ ಅನಿಲ ಒಡೆದಾಗ ಮೂರನೇ ಒಂದು ಪಾಲು ಆಮ್ಲಜನಕ ಸಿಗುತ್ತದೆ. ಆದ್ದರಿಂದ ಒಮ್ಮೆಗೇ ಹೆಚ್ಚು ಪೆಟ್ರೋಲ್ ಉರಿಸಬಹುದು. ಒಲೆಗೆ ಊದುಕೊಳವೆಯಿಂದ ಊದಿದರೆ ಬೆಂಕಿ ಜೋರಾಗುವುದಿಲ್ಲವೇ? ಹಾಗೆಯೇ.

4. ಸ್ಕಿಡ್: ನಮ್ಮ ಹುಡುಗನನ್ನು ಬೀಳಿಸಿದ್ದು ಇದೇ. ಆಟದಲ್ಲಿ ತಿರುವಿನ ಉದ್ದಕ್ಕೂ ಗಾಡಿಯನ್ನು ಜಾರಿಸಿದರೆ ಕೊನೆಯಲ್ಲಿ ಬಹುಮಾನವಾಗಿ ಹೆಚ್ಚುವರಿ ವೇಗ ಸಿಗುತ್ತದೆ. ನಿಜವಾದ ರಸ್ತೆಯಲ್ಲಿ ಇದಕ್ಕೆ ಪೂರ್ತಿ ವಿರುದ್ಧ. ಟಯರು ಉರುಳುವಾಗ ನೆಲವನ್ನು ಕಚ್ಚಿ ಹಿಡಿಯುತ್ತದೆ. ಜಾರಲು ಶುರುವಾದ ಕೂಡಲೇ ಘರ್ಷಣೆ ಕಡಿಮೆಯಾಗುತ್ತದೆ. ಇರುವ ಚಲನಶಕ್ತಿಯೂ ಶಾಖವಾಗಿ ಹೋಗುತ್ತದೆ. ವೇಗ ಎಲ್ಲಿಂದ ಬರಬೇಕು? ಸೈಕಲ್ಲಿನ ಮುಂದಿನ ಚಕ್ರ ಜಾರಿದರೆ ಹ್ಯಾಂಡಲ್ ತಿರುಗಿಸಿಯೂ ಪ್ರಯೋಜನವಿಲ್ಲ.

ಈಗ ಆಗುಂಬೆ ಘಾಟಿಗೆ ಬನ್ನಿ

ಆಟದಲ್ಲಿ ಎಷ್ಟೋ ಬೆಟ್ಟದ ಹಾದಿಗಳಿವೆ. ನಮ್ಮ ಹತ್ತಿರವೇ ಅವೆಲ್ಲವನ್ನೂ ಮೀರಿಸುವ ಹಾದಿ ಇದೆ. ತೀರ್ಥಹಳ್ಳಿಯಿಂದ ಉಡುಪಿ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎ, ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಲ್ಲಿ 14 ಹೇರ್‌ಪಿನ್ ತಿರುವುಗಳನ್ನು ಸುತ್ತುತ್ತದೆ. ತಿರುವುಗಳು ಎಷ್ಟು ಬಿಗಿ ಎಂದರೆ ಉದ್ದನೆಯ ಬಸ್ಸು ತಿರುಗುವುದು ಕಷ್ಟ. ಈ ಹಾದಿಯಲ್ಲಿ ಮಿನಿ ಬಸ್ಸುಗಳು ಓಡಾಡುವುದನ್ನು ನೀವು ನೋಡಿದ್ದೀರಿ. ಇದರ ಮೇಲೆ ಮಳೆ! ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ.

ತಿರುವಿನಲ್ಲಿ ಏನಾಗುತ್ತದೆ? ಚಲಿಸುವ ವಸ್ತು ನೇರವಾಗಿಯೇ ಹೋಗಬಯಸುತ್ತದೆ. ಇದು ಜಡತ್ವ. ಅದನ್ನು ತಿರುಗಿಸಲು ತಿರುವಿನ ಒಳಗಡೆಗೆ ಎಳೆಯುವ ಬಲ ಬೇಕು. ಇದೇ ಕೇಂದ್ರಾಭಿಮುಖ ಬಲ. ಕಲ್ಲಿಗೆ ದಾರ ಕಟ್ಟಿ ತಿರುಗಿಸಿದರೆ ಈ ಬಲವನ್ನು ದಾರ ಕೊಡುತ್ತದೆ. ಬಸ್ಸಿಗೆ ಯಾವ ದಾರ ಇದೆ? ಟಯರು ಮತ್ತು ರಸ್ತೆಯ ನಡುವಿನ ಘರ್ಷಣೆಯೇ ದಾರ. ವೇಗ ಎರಡು ಪಟ್ಟಾದರೆ ಬೇಕಾಗುವ ಬಲ ನಾಲ್ಕು ಪಟ್ಟು. ಆ ಬಲ ಘರ್ಷಣೆಗೆ ಮೀರಿದ ಕ್ಷಣದಲ್ಲಿ ದಾರ ಹರಿದಂತೆ.

ಒಂದು ಲೆಕ್ಕ ಮಾಡೋಣ. ತಿರುವಿನ ತ್ರಿಜ್ಯ 12 ಮೀಟರ್, ರಸ್ತೆ ಸಮತಟ್ಟು ಎಂದು ಇಟ್ಟುಕೊಳ್ಳಿ. ಜಾರದೆ ತಿರುಗಬಹುದಾದ ಗರಿಷ್ಠ ವೇಗ ಹೀಗಿದೆ:

ಒಣ ರಸ್ತೆ (ಗುಣಾಂಕ 0.7): ಗಂಟೆಗೆ ಸುಮಾರು 33 ಕಿ.ಮೀ.
ಒದ್ದೆ ರಸ್ತೆ (ಗುಣಾಂಕ 0.4): ಗಂಟೆಗೆ ಸುಮಾರು 25 ಕಿ.ಮೀ.
ಬಾಳೆಸಿಪ್ಪೆ ಹಾಸಿದ ರಸ್ತೆ (ಗುಣಾಂಕ 0.07): ಗಂಟೆಗೆ ಸುಮಾರು 10 ಕಿ.ಮೀ.

ಕೊನೆಯ ಸಾಲನ್ನು ನೋಡಿ ನಗಬೇಡಿ. ಹಾವಸೆ, ಕೆಸರು, ಕೊಳೆತ ಎಲೆ ಸೇರಿದ ರಸ್ತೆ ಒದ್ದೆ ಡಾಂಬರಿಗಿಂತಲೂ ಹೆಚ್ಚು ಜಾರುತ್ತದೆ.

ಇನ್ನು ಬ್ರೇಕಿನ ಲೆಕ್ಕ. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ, ಗಂಟೆಗೆ 20 ಕಿ.ಮೀ. ವೇಗದಲ್ಲಿ ಸುಮಾರು 4 ಮೀಟರ್, 40ರಲ್ಲಿ 16 ಮೀಟರ್, 60ರಲ್ಲಿ 35 ಮೀಟರ್. ಇಳಿಜಾರಿನಲ್ಲಿ ಇನ್ನೂ ಹೆಚ್ಚು, ಏಕೆಂದರೆ ಗುರುತ್ವಬಲ ಕೆಳಗೆ ಎಳೆಯುತ್ತಲೇ ಇರುತ್ತದೆ. ಆದ್ದರಿಂದಲೇ ಅನುಭವಿ ಚಾಲಕರು ಘಾಟಿ ಇಳಿಯುವಾಗಲೂ ಕಡಿಮೆ ಗೇರಿನಲ್ಲೇ ಇಳಿಯುತ್ತಾರೆ. ಆಗ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ, ಬ್ರೇಕು ಕಾದು ಸೋಲುವುದಿಲ್ಲ. ಬೆಟ್ಟದ ರಸ್ತೆಯಲ್ಲಿ ಹತ್ತುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕು. ನಮ್ಮ ಆಟದಲ್ಲಿ ಯಾರೂ ಯಾರಿಗೂ ದಾರಿ ಬಿಡುವುದಿಲ್ಲ!

ತಡವಾಗಿ ಬರುವ ಸುದ್ದಿ

ಆನ್‌ಲೈನಿನಲ್ಲಿ ಆಡಿದಾಗ ಒಂದು ವಿಚಿತ್ರ ನಡೆಯಿತು. ನನ್ನ ಮುಂದಿದ್ದ ಗಾಡಿ ಇದ್ದಕ್ಕಿದ್ದಂತೆ ಮಾಯವಾಗಿ, ಸ್ವಲ್ಪ ಮುಂದೆ ಪ್ರತ್ಯಕ್ಷವಾಯಿತು. ಮಳೆಗೆ ನೆಟ್‌ವರ್ಕ್ ದುರ್ಬಲವಾಗಿತ್ತು. ನನ್ನ ಪರದೆಯಲ್ಲಿ ಕಾಣುತ್ತಿದ್ದುದು ಆ ಗಾಡಿ ಆಗಲೇ ಬಿಟ್ಟುಹೋದ ಜಾಗ.

ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. 8,000 ಕಿ.ಮೀ. ದೂರದ ಕಂಪ್ಯೂಟರಿಗೆ ಸಂದೇಶ ಹೋಗಿ ಬರಲು ಕನಿಷ್ಠ 0.08 ಸೆಕೆಂಡ್ ಬೇಕು. ನೆಟ್‌ವರ್ಕ್ ದುರ್ಬಲವಾಗಿದ್ದರೆ ಇದು ಎಷ್ಟೋ ಪಟ್ಟು ಹೆಚ್ಚುತ್ತದೆ.

ಆಟದಲ್ಲಿ ಈ ತಡಕ್ಕೆ ಬೈಯುತ್ತೇವೆ. ಆದರೆ ನಮ್ಮ ದೇಹದೊಳಗೂ ತಡ ಇದೆ. ಕಣ್ಣು ಹಸುವನ್ನು ಕಂಡು, ಮಿದುಳು ಅರ್ಥ ಮಾಡಿಕೊಂಡು, ಕೈ ಬ್ರೇಕ್ ಒತ್ತುವಷ್ಟರಲ್ಲಿ ಸುಮಾರು ಒಂದು ಸೆಕೆಂಡ್ ಕಳೆಯುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಆ ಒಂದು ಸೆಕೆಂಡಿನಲ್ಲಿ 11 ಮೀಟರ್ ಹೋಗಿಬಿಟ್ಟಿರುತ್ತೇವೆ. ಬ್ರೇಕಿನ 16 ಮೀಟರ್ ಸೇರಿಸಿದರೆ ಒಟ್ಟು 27 ಮೀಟರ್! ಹೇರ್‌ಪಿನ್ ತಿರುವಿನಲ್ಲಿ ಅಷ್ಟು ದೂರ ಕಾಣುವುದೇ ಇಲ್ಲ.

ನಿಮಗೆ ಗೊತ್ತೇ?

ರೇಸಿಂಗ್ ಆಟಗಳ ಕೆಲಸ ನಮ್ಮ ರಾಜ್ಯದಲ್ಲೂ ನಡೆದಿದೆ. ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯ ಕಲಾವಿದರು ಫೋರ್ಜಾ ಎಂಬ ಪ್ರಸಿದ್ಧ ರೇಸಿಂಗ್ ಆಟಗಳಿಗೆ ದುಡಿದಿದ್ದಾರೆ. ಚಿತ್ರಕಲೆ, ಗಣಿತ, ಭೌತವಿಜ್ಞಾನ ಮೂರೂ ಸೇರಿದರೆ ಇಂಥ ಆಟ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿಗಳು: ಒಂದು ಮೀಟರ್ ಉದ್ದದ ನಯವಾದ ಹಲಗೆ, ರಬ್ಬರ್ ಚಪ್ಪಲಿ, ನೀರು, ಸೋಪಿನ ನೀರು, ಅಳತೆಪಟ್ಟಿ.

ವಿಧಾನ: ಹಲಗೆಯ ಒಂದು ತುದಿಯ ಬಳಿ ಚಪ್ಪಲಿ ಇಡಿ. ಆ ತುದಿಯನ್ನು ನಿಧಾನವಾಗಿ ಎತ್ತಿ. ಚಪ್ಪಲಿ ಜಾರಲು ಶುರುವಾದ ಕೂಡಲೇ ನಿಲ್ಲಿಸಿ. ಆ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಅದರ ನೇರ ಕೆಳಗಿನ ಬಿಂದುವಿನಿಂದ ಹಲಗೆಯ ಇನ್ನೊಂದು ತುದಿಯವರೆಗೆ ನೆಲದ ಮೇಲೆ ಅಳೆಯಿರಿ. ಎತ್ತರವನ್ನು ನೆಲದ ಉದ್ದದಿಂದ ಭಾಗಿಸಿ. ಬಂದ ಸಂಖ್ಯೆಯೇ ಘರ್ಷಣಾ ಗುಣಾಂಕ. ಒಣ ಹಲಗೆ, ನೀರು ಸವರಿದ ಹಲಗೆ, ಸೋಪಿನ ನೀರು ಸವರಿದ ಹಲಗೆ, ಹೀಗೆ ಮೂರು ಸಲ ಮಾಡಿ ಬರೆದುಕೊಳ್ಳಿ. ನಿಮ್ಮ ಸಂಖ್ಯೆ ಪುಸ್ತಕದ ಸಂಖ್ಯೆಗಿಂತ ಬೇರೆಯಾಗಿರಬಹುದು. ಆಗಲೂ ನೀವು ಅಳೆದುದನ್ನೇ ಬರೆಯಿರಿ.

ಮತ್ತೆ ಆ ಹುಡುಗ

ಮುಂದಿನ ಭೇಟಿಯಲ್ಲಿ ಅದೇ ಶಾಲೆಯಲ್ಲಿ ಈ ಪ್ರಯೋಗ ಮಾಡಿದೆವು. ಸೋಪಿನ ನೀರಿನ ಸರದಿ ಬಂದಾಗ ಹಲಗೆ ಸ್ವಲ್ಪ ಎತ್ತುವಷ್ಟರಲ್ಲೇ ಚಪ್ಪಲಿ ಜಾರಿ ನೆಲಕ್ಕೆ ಬಿತ್ತು. ಹಲಗೆ ಹಿಡಿದಿದ್ದವನು ಅದೇ ಹುಡುಗ. "ಆಟದವರು ಇದನ್ನು ಯಾಕೆ ಹಾಕಿಲ್ಲ ಸಾರ್?" ಎಂದು ಕೇಳಿದ.

ಒಳ್ಳೆಯ ಪ್ರಶ್ನೆ. ಇದನ್ನು ಪೂರ್ತಿ ಹಾಕಿದರೆ ಎಲ್ಲರೂ ಮೊದಲ ತಿರುವಿನಲ್ಲೇ ಬೀಳುತ್ತಿದ್ದರು, ಆಟಕ್ಕೆ ರುಚಿ ಇರುತ್ತಿರಲಿಲ್ಲ. ಆದ್ದರಿಂದ ಬರೆದವರು ನಿಯಮಗಳನ್ನು ಸಡಿಲಿಸಿದ್ದಾರೆ. ಗಾಡಿ ಹಾದಿಯಿಂದ ಬಿದ್ದರೆ ಆಟವೇ ಅದನ್ನು ಎತ್ತಿ ಮತ್ತೆ ರಸ್ತೆಗೆ ಇಡುತ್ತದೆ. ಘಾಟಿಯಲ್ಲಿ ಘರ್ಷಣೆಯ ನಿಯಮವನ್ನು ಯಾರೂ ಸಡಿಲಿಸಲಾರರು. ಆಟವನ್ನು ಸಂತೋಷವಾಗಿ ಆಡಿ, ನಾನೂ ಈಗ ಆಗಾಗ ಆಡುತ್ತೇನೆ. ಸೈಕಲ್ ಹತ್ತಿದಾಗ ಮಾತ್ರ ತಿರುವಿಗೆ ಮೊದಲೇ ಬ್ರೇಕ್ ಹಿಡಿಯಿರಿ, ತಿರುವಿನ ನಡುವೆ ಅಲ್ಲ.

ಅಭ್ಯಾಸ

1. ಬಸ್ಸು ತಿರುವಿನಲ್ಲಿ ಹೋಗುವಾಗ ನೀವು ಹೊರಗಡೆಗೆ ವಾಲುವುದೇಕೆ?
2. ಸೈಕಲ್ಲಿನ ವೇಗ ಮೂರು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲುವ ದೂರ ಎಷ್ಟು ಪಟ್ಟಾಗುತ್ತದೆ?
3. ಸವೆದ ಟಯರು ಮಳೆಗಾಲದಲ್ಲಿ ಹೆಚ್ಚು ಅಪಾಯಕಾರಿ. ಟಯರಿನ ಗೀರುಗಳ ಕೆಲಸವೇನು?
4. ನೀವು ಆಡುವ ಯಾವುದಾದರೂ ಆಟದಲ್ಲಿ ನಿಜಕ್ಕೆ ಹೊಂದುವ ಮೂರು ಸಂಗತಿ, ಹೊಂದದ ಮೂರು ಸಂಗತಿ ಪಟ್ಟಿ ಮಾಡಿ ತರಗತಿಯಲ್ಲಿ ಚರ್ಚಿಸಿ.