ಅರವತ್ತು ಸಾವಿರದಲ್ಲಿ ವಜ್ರದುಂಗುರ

ನಮ್ಮ ಕಡೆಯ ನಿಶ್ಚಿತಾರ್ಥಕ್ಕೆ ಹಿಂದಿನಿಂದಲೂ ಬೇಕಾದದ್ದು ತಾಂಬೂಲ. ಎರಡೂ ಮನೆಯ ಹಿರಿಯರು ಎದುರುಬದುರು ಕೂತು ವೀಳ್ಯ ಬದಲಾಯಿಸಿಕೊಂಡು, ಲಗ್ನಪತ್ರಿಕೆ ಓದಿಸಿದರೆ ಮಾತು ಗಟ್ಟಿಯಾದಂತೆ. ಉಂಗುರ ಆಮೇಲೆ ಬಂದು ಸೇರಿಕೊಂಡಿತು, ವಜ್ರದ ಉಂಗುರ ಇನ್ನೂ ಆಮೇಲೆ. ಈಗ ಹುಡುಗ ಹುಡುಗಿ ಇಬ್ಬರೂ ಆಸೆಪಟ್ಟು ಕೇಳುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಚಿನ್ನ ಕೊಳ್ಳುವಾಗ ಗ್ರಾಂ ಗ್ರಾಂ ಲೆಕ್ಕ ಕೇಳುವ ನಾವು, ವಜ್ರದ ಮುಂದೆ ಕೂತ ಕೂಡಲೇ ಸುಮ್ಮನಾಗಿಬಿಡುತ್ತೇವೆ. ಕೇಳಬೇಕಾದದ್ದು ಏನೆಂದೇ ಗೊತ್ತಿರುವುದಿಲ್ಲ.

ಹೋದ ವರ್ಷ ನನ್ನ ಅಕ್ಕನ ಮಗ ಬಂದು, "ಚಿಕ್ಕಮ್ಮ, ನನ್ನ ಹತ್ರ ಇರೋದು ಅರವತ್ತು ಸಾವಿರ. ಅಷ್ಟರಲ್ಲಿ ಒಂದು ಒಳ್ಳೇ ವಜ್ರದುಂಗುರ ಆಗತ್ತಾ?" ಎಂದ. ಎರಡು ತಿಂಗಳ ಸಂಬಳವನ್ನಾದರೂ ಉಂಗುರಕ್ಕೆ ಹಾಕಬೇಕು ಎಂದು ಯಾರೋ ಗೆಳೆಯರು ಅವನ ತಲೆಗೆ ತುಂಬಿದ್ದರು. ಆ ಮಾತು ಹುಟ್ಟಿದ್ದು ಯಾವ ಶಾಸ್ತ್ರದಲ್ಲೂ ಅಲ್ಲ. ಡಿ ಬೀರ್ಸ್ ಎಂಬ ವಜ್ರದ ಕಂಪನಿ 1980ರ ದಶಕದಲ್ಲಿ ಅಮೆರಿಕದಲ್ಲಿ ಹಾಕಿಸಿದ ಜಾಹೀರಾತು ಅದು. ಅರವತ್ತು ಸಾವಿರದಲ್ಲಿ ಖಂಡಿತ ಆಗುತ್ತದೆ ಎಂದೆ. ಅವನ ಜೊತೆ ನಾಲ್ಕು ಅಂಗಡಿ ಸುತ್ತಿದೆ. ಅಲ್ಲಿ ಅನುಸರಿಸಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಣ್ಣಿಗೆ ಕಾಣುವುದಕ್ಕೆ ದುಡ್ಡು ಹಾಕಿ, ಕಣ್ಣಿಗೆ ಕಾಣದ್ದನ್ನೆಲ್ಲ ಕಾಗದದಲ್ಲಿ ಬರೆಸಿಕೊಳ್ಳಿ: ನಾನು ಅವನಿಗೆ ಹೇಳಿದ್ದು ಇಷ್ಟೇ.

ಮೊದಲು ಮನೆಯಲ್ಲಿ ಲೆಕ್ಕ

ಅಂಗಡಿಗೆ ಹೋಗುವ ಮುಂಚೆಯೇ ಹರಳಿಗೆ ಎಷ್ಟು ಉಳಿಯುತ್ತದೆ ಎಂದು ಬರೆದು ನೋಡಿ. ಒಡವೆಯ ಮೇಲೆ ಜಿಎಸ್‌ಟಿ 3%. ಹಾಗಾಗಿ 60,000ದಲ್ಲಿ ಉಂಗುರದ ಪಾಲು ಸುಮಾರು 58,250. ಲೆಕ್ಕ ಸುಲಭವಾಗಲೆಂದು ಅಪರಂಜಿ ಚಿನ್ನ ಗ್ರಾಮಿಗೆ 10,000 ಎಂದಿಟ್ಟುಕೊಳ್ಳೋಣ. ನೀವು ಅಂದಿನ ದರ ಹಾಕಿಕೊಳ್ಳಿ. 18 ಕ್ಯಾರೆಟ್ ಚಿನ್ನ ಎಂದರೆ ನೂರಕ್ಕೆ 75 ಪಾಲು, ಗ್ರಾಮಿಗೆ 7,500. ಮೂರು ಗ್ರಾಂ ಉಂಗುರಕ್ಕೆ 22,500, ಮಜೂರಿ 15% ಎಂದರೆ 3,375. ಹರಳಿಗೆ ಉಳಿದದ್ದು 32,000 ಚಿಲ್ಲರೆ. ಅದೇ ಮೂರು ಗ್ರಾಂ 14 ಕ್ಯಾರೆಟ್‌ನಲ್ಲಿ ಮಾಡಿಸಿದರೆ ಹರಳಿಗೆ 38,000 ಸಿಗುತ್ತದೆ. ಮಜೂರಿಯಲ್ಲಿ ಚೌಕಾಸಿಗೆ ಜಾಗ ಇದ್ದೇ ಇರುತ್ತದೆ, ಸಂಕೋಚ ಬೇಡ.

22 ಕ್ಯಾರೆಟ್‌ನಲ್ಲೇ ಬೇಕು ಎಂದು ಮನೆಯ ಹಿರಿಯರು ಹಟ ಹಿಡಿಯುವುದುಂಟು. ಬಳೆಗೆ, ಸರಕ್ಕೆ ಅದು ಸರಿ. ಹರಳು ಹಿಡಿದಿಡುವ ಸಣ್ಣ ಕೊಂಡಿಗಳಿಗೆ 22 ಕ್ಯಾರೆಟ್ ಚಿನ್ನ ಮೆದು. ಸವೆದು, ಬಾಗಿ, ಒಂದು ದಿನ ಹರಳು ಬಿದ್ದೇ ಹೋಗುತ್ತದೆ. 18 ಅಥವಾ 14 ಗಟ್ಟಿ ಎಂದು ಅವರಿಗೆ ತಿಳಿಸಿ ಹೇಳಿ.

ಅಜ್ಜಿಯ ಓಲೆ ಇದೆಯೇ?

ಅಂಗಡಿಯ ಮೊದಲು ಬೀರು ತೆಗೆದು ನೋಡಿ ಎನ್ನುತ್ತೇನೆ. ಮೂಗುಬೊಟ್ಟು, ಏಳು ಕಲ್ಲಿನ ಓಲೆ ಎಂದು ಹಳೆಯ ಮನೆಗಳಲ್ಲಿ ವಜ್ರ ಒಂದೆರಡಾದರೂ ಇರುತ್ತಿತ್ತು. ಒಂದು ಓಲೆ ಕಳೆದು ಇನ್ನೊಂದು ಉಳಿದದ್ದು, ತಿರುಪು ಮುರಿದು ಡಬ್ಬಿ ಸೇರಿದ್ದು, ಇಂಥವು ಸಿಕ್ಕರೆ ಹರಳಿನ ಖರ್ಚೇ ಇಲ್ಲ. ಚಿನ್ನ ಮತ್ತು ಕೂಲಿ ಕೊಟ್ಟರಾಯಿತು. ಹಿಂಬದಿ ಮುಚ್ಚಿ ಕಟ್ಟಿದ ಹಳೆಯ ಹರಳನ್ನು ಬಿಡಿಸಿ, ತೊಳೆದು, ಬೆಳಕು ಹಾಯುವಂತೆ ಕಟ್ಟಿದರೆ ಅದು ಬೇರೆಯೇ ಹರಳೇನೋ ಎನಿಸುತ್ತದೆ. ಆದರೆ ಮೊದಲು ರತ್ನ ಪರೀಕ್ಷೆಯ ಲ್ಯಾಬ್‌ಗೆ ಕೊಟ್ಟು ಅದು ವಜ್ರವೇ ಎಂದು ಖಚಿತ ಮಾಡಿಕೊಳ್ಳಿ. ಬಿಡಿಸುವುದು ನಿಮ್ಮ ಕಣ್ಣೆದುರೇ ಆಗಲಿ, ಹರಳೆಷ್ಟು, ತೂಕವೆಷ್ಟು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ವಜ್ರ ಎಲ್ಲರಿಗೂ ಆಗಿಬರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಮನೆಯಲ್ಲೇ ಹಲವು ವರ್ಷ ಇದ್ದ ಹರಳಿಗೆ ಆ ಆತಂಕವೂ ಇರುವುದಿಲ್ಲ.

ಗಣಿಯದೋ, ಲ್ಯಾಬಿನದೋ?

ಇದನ್ನು ಇಬ್ಬರೂ ಕೂತು ಮಾತಾಡಿ ತೀರ್ಮಾನಿಸಬೇಕು. ಲ್ಯಾಬಿನಲ್ಲಿ ಬೆಳೆಸಿದ ವಜ್ರ ನಕಲಿ ಅಲ್ಲ. ಅದೂ ಇಂಗಾಲವೇ, ಗಡಸುತನವೂ ಅಷ್ಟೇ, ಹೊಳಪೂ ಅಷ್ಟೇ. ಅತಿ ಒತ್ತಡ ಮತ್ತು ಶಾಖದಲ್ಲಿ ಒಂದು ಬಗೆ, ಅನಿಲದಿಂದ ಪದರ ಪದರವಾಗಿ ಬೆಳೆಸುವುದು ಇನ್ನೊಂದು ಬಗೆ. ಬರಿಗಣ್ಣಿಗಾಗಲಿ, ಅಂಗಡಿಯವರ ಕೈಯಲ್ಲಿರುವ ಪೆನ್ನಿನಂಥ ಟೆಸ್ಟರ್‌ಗಾಗಲಿ ವ್ಯತ್ಯಾಸ ಸಿಗುವುದಿಲ್ಲ. 2023ರಲ್ಲಿ ಪ್ರಧಾನಿ ಮೋದಿಯವರು ಅಂದಿನ ಅಮೆರಿಕ ಅಧ್ಯಕ್ಷರ ಪತ್ನಿ ಜಿಲ್ ಬೈಡನ್ ಅವರಿಗೆ ಉಡುಗೊರೆಯಾಗಿ ಕೊಟ್ಟ 7.5 ಕ್ಯಾರೆಟ್ ಹರಳು ಇಂಥದ್ದೇ.

ಬೆಲೆ ಮಾತ್ರ ನೆಲಕ್ಕೂ ಮುಗಿಲಿಗೂ ಇರುವಷ್ಟು ದೂರ. ಗಣಿಯ ಸಣ್ಣ ಹರಳಿನ ದುಡ್ಡಿಗೆ ಲ್ಯಾಬಿನ ಹರಳು ಹಲವು ಪಟ್ಟು ದೊಡ್ಡದೇ ಸಿಗುತ್ತದೆ. ಆದರೆ ಆ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಬಂದಿದೆ. 2018ರಲ್ಲಿ ಡಿ ಬೀರ್ಸ್ ತಾನೇ ಲೈಟ್‌ಬಾಕ್ಸ್ ಎಂಬ ಹೆಸರಿನಲ್ಲಿ ಕ್ಯಾರೆಟ್‌ಗೆ 800 ಡಾಲರ್‌ನಂತೆ ಲ್ಯಾಬ್ ವಜ್ರ ಮಾರಲು ಶುರುಮಾಡಿ, 2024ರಲ್ಲಿ 500ಕ್ಕೆ ಇಳಿಸಿ, 2025ರಲ್ಲಿ ಅಂಗಡಿಯನ್ನೇ ಮುಚ್ಚುವುದಾಗಿ ಹೇಳಿತು. ಹಾಗಾಗಿ ಲ್ಯಾಬ್ ಹರಳು ಕೊಳ್ಳುವವರು ತೊಡುವ ಸಂತೋಷಕ್ಕೆ ಕೊಳ್ಳಬೇಕು, ಮುಂದೊಂದು ದಿನ ಮಾರುವ ಲೆಕ್ಕ ಇಟ್ಟುಕೊಳ್ಳಬಾರದು. ಹಾಗೆಂದು ಗಣಿಯ ಸಣ್ಣ ವಜ್ರವೂ ಆಪತ್ತಿಗಾಗುವ ಒಡವೆಯೇನಲ್ಲ. ಅದಕ್ಕೆ ಚಿನ್ನದ ಹಾಗೆ ದಿನದ ದರವಿಲ್ಲ, ಕೊಟ್ಟ ಬೆಲೆ ವಾಪಸು ಬರುವುದಿಲ್ಲ. ಕಷ್ಟಕಾಲಕ್ಕೆ ಎಂದು ಯೋಚಿಸುವವರು ಆ ದುಡ್ಡನ್ನು ಚಿನ್ನಕ್ಕೇ ಹಾಕಲಿ.

ಅಮೆರಿಕನ್ ಡೈಮಂಡ್ ಎನ್ನುವುದು ಜಿರ್ಕೋನಿಯಾ, ವಜ್ರವೇ ಅಲ್ಲ. ಮೊಯ್ಸನೈಟ್ ಕೂಡ ಬೇರೆಯೇ ಹರಳು. ಚೆನ್ನಾಗಿಯೇ ಹೊಳೆಯುತ್ತದೆ, ಆದರೆ ಅದನ್ನು ಅದರ ಹೆಸರಿನಲ್ಲೇ, ಅದರ ಬೆಲೆಗೇ ಕೊಳ್ಳಿ.

ಹರಳು ನೋಡುವ ಬಗೆ

ವಜ್ರದ ತೂಕ ಕ್ಯಾರೆಟ್‌ನಲ್ಲಿ. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಅದರ ನೂರನೇ ಒಂದು ಪಾಲು ಸೆಂಟ್. ಚಿನ್ನದ ಕ್ಯಾರೆಟ್‌ಗೂ ಇದಕ್ಕೂ ಸಂಬಂಧವಿಲ್ಲ. ಅಂಗಡಿಯವರು ಮೊದಲು ತೂಕದ ಮಾತೆತ್ತುತ್ತಾರೆ. ನೀವು ಮೊದಲು ಕೇಳಬೇಕಾದದ್ದು ಕಟ್, ಅಂದರೆ ಹರಳಿಗೆ ಮುಖ ಕೊರೆದ ರೀತಿ. ಬೆಳಕು ಮೇಲಿನಿಂದ ಒಳಹೊಕ್ಕು, ಒಳಗೇ ಪುಟಿದು, ಮತ್ತೆ ಮೇಲಕ್ಕೇ ಬಂದರೆ ಹರಳು ಬೆಳಗುತ್ತದೆ. ತೂಕ ಉಳಿಸುವ ಆಸೆಗೆ ಅಡಿಭಾಗವನ್ನು ಆಳವಾಗಿ ಬಿಟ್ಟರೂ, ಅಗಲ ತೋರಿಸಲು ತೆಳ್ಳಗೆ ಮಾಡಿದರೂ ಬೆಳಕು ಕೆಳಗೆ ಸೋರಿಹೋಗುತ್ತದೆ. ದುಂಡು ಹರಳಿನ ಕೋನಗಳು ಹೇಗಿರಬೇಕು ಎಂದು ಮಾರ್ಸೆಲ್ ಟೋಲ್ಕೋವ್‌ಸ್ಕಿ 1919ರಲ್ಲೇ ಗಣಿತದಿಂದ ತೋರಿಸಿಕೊಟ್ಟಿದ್ದಾರೆ. ಪ್ರಮಾಣಪತ್ರದಲ್ಲಿ ಕಟ್‌ನ ಮುಂದೆ 'ಎಕ್ಸಲೆಂಟ್' ಅಥವಾ 'ವೆರಿ ಗುಡ್' ಎಂದಿರಬೇಕು. ಆಳ ಸುಮಾರು 59ರಿಂದ 62.5%ರೊಳಗಿದ್ದರೆ ಒಳ್ಳೆಯದು.

ಕಾಗದಕ್ಕಿಂತ ಮೊದಲು ಕಣ್ಣಿನ ಪರೀಕ್ಷೆಯನ್ನೂ ಮಾಡಿ. ಆಭರಣದಂಗಡಿಯ ದೀಪಗಳ ಕೆಳಗೆ ಗಾಜಿನ ಚೂರೂ ಮಿನುಗುತ್ತದೆ. ಉಂಗುರ ಹಿಡಿದು ಬಾಗಿಲ ಬಳಿಯ ಹಗಲ ಬೆಳಕಿಗೆ ಬನ್ನಿ, ಅಂಗಡಿಯವರು ಜೊತೆಗೇ ಬರಲಿ. ಆಮೇಲೆ ಮೇಜಿನ ಕೆಳಗಿನ ನೆರಳಿನಲ್ಲಿ ಹಿಡಿದು ನೋಡಿ. ಅಲ್ಲೂ ಜೀವಂತವಾಗಿದ್ದರೆ ಕಟ್ ಒಳ್ಳೆಯದು. ನಡುಭಾಗ ಮಂಕಾಗಿ, ಅಡಿಯ ಬೆರಳಿನ ಚರ್ಮ ಕಂಡರೆ ಆ ಹರಳು ಬೇಡ. ಇಪ್ಪತ್ತೆಂಟು ಸೆಂಟಿನ ಒಳ್ಳೆಯ ಕಟ್‌ನ ಹರಳು ನಲವತ್ತು ಸೆಂಟಿನ ಮಂಕು ಹರಳನ್ನು ಮೀರಿಸಿ ಹೊಳೆದದ್ದನ್ನು ನಾವು ಹಾಗೆ ಬಾಗಿಲಲ್ಲಿ ನಿಂತೇ ಕಂಡೆವು.

ಬಣ್ಣದ ದರ್ಜೆ ಡಿ ಅಕ್ಷರದಿಂದ ಶುರುವಾಗಿ ಝಡ್ ವರೆಗೆ ಹೋಗುತ್ತದೆ. ಡಿ, ಇ, ಎಫ್ ಸಂಪೂರ್ಣ ಬಿಳುಪು, ಅದಕ್ಕೆ ತಕ್ಕ ಬೆಲೆ. ಹಳದಿ ಚಿನ್ನದಲ್ಲಿ ಕಟ್ಟಿಸುವವರು ಅಷ್ಟು ಬಿಳುಪಿಗೆ ದುಡ್ಡು ಸುರಿಯುವುದು ವ್ಯರ್ಥ. ಚಿನ್ನದ ಛಾಯೆಯೇ ಹರಳಿಗೆ ಹಿಡಿಯುತ್ತದೆ. ಎಚ್, ಐ, ಜೆ ಧಾರಾಳ ಸಾಕು. ಬಿಳಿ ಚಿನ್ನವಾದರೆ ಜಿ ಅಥವಾ ಎಚ್ ನೋಡಿ.

ಶುದ್ಧತೆಯದ್ದೂ ಇದೇ ಕಥೆ. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ನೋಡಿ ಕೊಡುವ ದರ್ಜೆ ಅದು. ವಿವಿಎಸ್ ಎಂದರೆ ಮಸೂರದಲ್ಲೂ ಕಲೆ ಹುಡುಕುವುದು ಕಷ್ಟ, ವಿಎಸ್ ಎಂದರೆ ಹುಡುಕಿದರೆ ಸಿಗುತ್ತದೆ, ಎಸ್‌ಐ ಎಂದರೆ ಸುಲಭವಾಗಿ ಸಿಗುತ್ತದೆ. ಬೆರಳಿಗೆ ತೊಟ್ಟ ಅರ್ಧ ಕ್ಯಾರೆಟ್‌ನೊಳಗಿನ ಹರಳಿನಲ್ಲಿ ವಿವಿಎಸ್‌ಗೂ ವಿಎಸ್‌ಗೂ ಇರುವ ಭೇದ ಯಾವ ನೆಂಟರ ಕಣ್ಣಿಗೂ ಬೀಳದು. ಎಸ್‌ಐ1 ಕೂಡ ಆಗಬಹುದು, ಆದರೆ ಕಲೆ ಎಲ್ಲಿದೆ ಎಂದು ನೋಡಿ: ನಡುವೆ ಕಪ್ಪು ಚುಕ್ಕೆ ಇದ್ದರೆ ಬಿಡಿ, ಅಂಚಿನಲ್ಲಿ ಬಿಳಿಯ ಗೆರೆ ಇದ್ದರೆ ಕೊಂಡಿಯ ಕೆಳಗೆ ಮುಚ್ಚಿಹೋಗುತ್ತದೆ.

ಕೊನೆಗೆ ತೂಕ. 30, 50 ಸೆಂಟ್, ಒಂದು ಕ್ಯಾರೆಟ್ ಎಂಬ ಗಡಿಗಳಲ್ಲಿ ಬೆಲೆ ಒಮ್ಮೆಲೇ ಜಿಗಿಯುತ್ತದೆ. 50 ಸೆಂಟಿನ ಬದಲು 48 ಕೇಳಿ. ಅಗಲದಲ್ಲಿ ಹತ್ತನೇ ಒಂದು ಮಿಲಿಮೀಟರ್‌ನಷ್ಟೂ ವ್ಯತ್ಯಾಸವಿಲ್ಲ. ತೂಕ ಇಮ್ಮಡಿಯಾದರೆ ಅಗಲ ಇಮ್ಮಡಿಯಾಗುವುದಿಲ್ಲ ಎಂಬುದೂ ನೆನಪಿರಲಿ: ಅರ್ಧ ಕ್ಯಾರೆಟ್ ದುಂಡು ಹರಳು ಸುಮಾರು 5.1 ಮಿ.ಮೀ., ಒಂದು ಕ್ಯಾರೆಟ್‌ನದು 6.5. ದುಂಡು ಆಕಾರಕ್ಕೆ ಕಚ್ಚಾ ಹರಳು ಹೆಚ್ಚು ಪೋಲಾಗುವುದರಿಂದ ಬೆಲೆಯೂ ಹೆಚ್ಚು. ಮೊಟ್ಟೆಯಾಕಾರದ ಹರಳು ಅಷ್ಟೇ ತೂಕಕ್ಕೆ ಅಗ್ಗ, ಬೆರಳ ಮೇಲೆ ದೊಡ್ಡದಾಗಿಯೂ ಕಾಣುತ್ತದೆ.

ಏಳು ಸಣ್ಣ ಹರಳನ್ನು ಒತ್ತಾಗಿ ಕೂಡಿಸಿ ಒಂದೇ ದೊಡ್ಡ ಹರಳಿನಂತೆ ತೋರಿಸುವ ಉಂಗುರಗಳೂ ಇವೆ. ಕಡಿಮೆ ಬೆಲೆಗೆ ನೋಟ ತುಂಬುತ್ತದೆ. ಒಂಟಿ ಹರಳೇ ಬೇಕೆಂಬ ಆಸೆ ಇಲ್ಲದವರು ಇದನ್ನು ನೋಡಬಹುದು. ಆದರೆ ಮರಳಿ ಕೊಡುವಾಗ ಪುಡಿ ಹರಳಿಗೆ ಬೆಲೆ ತೀರಾ ಕಡಿಮೆ.

ಮುದ್ದೆ ಕಟ್ಟುವ ಕೈಗೆ

ಎತ್ತರದ ಕೊಂಡಿಗಳ ಮೇಲೆ ಹರಳು ಕೂತ ಉಂಗುರ ಫೋಟೋದಲ್ಲಿ ಚೆಂದ. ದಿನಾ ರೊಟ್ಟಿ ಹಿಟ್ಟು ನಾದುವ, ಮುದ್ದೆ ಕಟ್ಟುವ, ಬಸ್ಸಿನ ಕಂಬಿ ಹಿಡಿಯುವ ಕೈಗೆ ಅದು ತೊಡಕು. ಸೀರೆಯ ಜರಿಗೂ ಸಿಕ್ಕಿಕೊಳ್ಳುತ್ತದೆ. ಹರಳಿನ ಸುತ್ತ ಚಿನ್ನದ ಅಂಚು ಕಟ್ಟಿ ತಗ್ಗಾಗಿ ಕೂಡಿಸಿದ್ದು ಬಾಳಿಕೆಯದು. ವಜ್ರ ಗೀರು ಬೀಳದಷ್ಟು ಗಡಸು ನಿಜ, ಆದರೆ ಸರಿಯಾಗಿ ಪೆಟ್ಟು ಬಿದ್ದರೆ ಅಂಚು ಚಕ್ಕೆ ಏಳುತ್ತದೆ. ಬಿಳಿ ಚಿನ್ನಕ್ಕೆ ಮನಸ್ಸು ಮಾಡಿದವರು ಅದರ ಮೇಲಿನ ರೋಡಿಯಂ ಲೇಪ ಸವೆಯುತ್ತದೆ, ಆಗಾಗ ಮತ್ತೆ ಹಾಕಿಸಬೇಕು ಎಂಬ ಖರ್ಚನ್ನೂ ಎಣಿಸಿಕೊಳ್ಳಿ.

ಬಿಲ್ಲಿನ ಒಂದೊಂದು ಸಾಲೂ

ಒಂದು ಅಂಗಡಿಯಲ್ಲಿ ನಮಗೆ ಕೊಟ್ಟ ಎಸ್ಟಿಮೇಟ್‌ನಲ್ಲಿ ಉಂಗುರದ ಒಟ್ಟು ತೂಕಕ್ಕೇ ಚಿನ್ನದ ದರ ಹಾಕಿದ್ದರು, ಕೆಳಗೆ ಹರಳಿಗೆ ಬೇರೆ ಬೆಲೆ. ಅಂದರೆ ಹರಳಿಗೆ ಎರಡು ಸಲ ದುಡ್ಡು. "ನೆಟ್ ತೂಕ ಎಷ್ಟು?" ಎಂದು ಕೇಳಿದ ಮೇಲೆ ತಿದ್ದಿದರು. 50 ಸೆಂಟ್ ಹರಳು ಎಂದರೆ 0.100 ಗ್ರಾಂ, ನಮ್ಮ ಲೆಕ್ಕದ ದರದಲ್ಲಿ 750 ರೂಪಾಯಿ, ಅದರ ಮೇಲೆ ಮಜೂರಿ. ಒಟ್ಟು ತೂಕ, ಹರಳಿನ ತೂಕ, ನೆಟ್ ತೂಕ ಮೂರೂ ಬೇರೆ ಬೇರೆ ಬರೆದಿರಬೇಕು. ಚಿನ್ನದ ದರ, ಮಜೂರಿ, ಹರಳಿನ ಬಣ್ಣ, ಶುದ್ಧತೆ, ಕ್ಯಾರೆಟ್‌ಗೆ ಬೆಲೆ, ಗಣಿಯದೋ ಲ್ಯಾಬಿನದೋ ಎಂಬುದೂ ಬಿಲ್ಲಿನಲ್ಲೇ ಇರಲಿ. 'ಡೈಮಂಡ್ ರಿಂಗ್ ಒಂದು' ಎಂದಷ್ಟೇ ಬರೆದ ಬಿಲ್ಲಿಗೆ ದುಡ್ಡು ಕೊಡಬೇಡಿ.

ಹಾಲ್‌ಮಾರ್ಕ್ ಇದೆಯಲ್ಲ ಎಂದು ನೆಮ್ಮದಿಯಾಗಿಬಿಡಬೇಡಿ. ಅದು ಹೇಳುವುದು ಚಿನ್ನದ ವಿಷಯ ಮಾತ್ರ, ಹರಳಿನದ್ದಲ್ಲ. ಉಂಗುರದ ಒಳಗೆ ಬಿಐಎಸ್ ಗುರುತು, 18ಕೆ750 ಅಥವಾ 14ಕೆ585 ಎಂಬ ಶುದ್ಧತೆ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರಬೇಕು. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅಂಗಡಿಯಲ್ಲೇ ಹಾಕಿ ನೋಡಿ. ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಈ ಕಡ್ಡಾಯವಿಲ್ಲ. ತೀರಾ ತೆಳು ಉಂಗುರ ಕೊಳ್ಳುವವರು ಇದನ್ನು ಗಮನಿಸಬೇಕು.

ಹರಳಿಗೆ ಜಿಐಎ ಅಥವಾ ಐಜಿಐನಂಥ ಸ್ವತಂತ್ರ ಲ್ಯಾಬಿನ ಪ್ರಮಾಣಪತ್ರ ಬೇಕು. ಅಂಗಡಿಯೇ ಅಚ್ಚು ಹಾಕಿಸಿಕೊಟ್ಟ ಕಾರ್ಡು ಪ್ರಮಾಣಪತ್ರವಲ್ಲ. ಅದರ ಸಂಖ್ಯೆಯನ್ನು ಆ ಲ್ಯಾಬಿನ ಜಾಲತಾಣದಲ್ಲಿ ಹಾಕಿದರೆ ಹರಳಿನ ವಿವರ ಬರುತ್ತದೆ. ಹರಳಿನ ಸೊಂಟದ ಮೇಲೆ ಲೇಸರ್‌ನಿಂದ ಅದೇ ಸಂಖ್ಯೆ ಕೊರೆದಿದ್ದರೆ ಮಸೂರದಲ್ಲಿ ತೋರಿಸಲು ಹೇಳಿ, ಎರಡೂ ಹೊಂದುತ್ತವೆಯೇ ನೋಡಿ. "ಯಾವಾಗ ಬೇಕಾದ್ರೂ ವಾಪಸ್ ತಗೋತೀವಿ ಮೇಡಂ" ಎಂಬ ಬಾಯಿಮಾತು ಸಾಲದು. ದುಡ್ಡು ಕೊಡುತ್ತಾರೋ ಬದಲಿ ಒಡವೆಯೋ, ಬಿಲ್ಲಿನ ಬೆಲೆಗೋ ಆ ದಿನದ ಬೆಲೆಗೋ, ಎಷ್ಟು ಕಳೆಯುತ್ತಾರೆ, ಇದನ್ನೆಲ್ಲ ಬಿಲ್ಲಿನ ಮೇಲೆ ಬರೆಸಿ.

ನಮ್ಮ ಹುಡುಗ ಕೊನೆಗೆ ಆರಿಸಿದ್ದು 14 ಕ್ಯಾರೆಟ್ ಹಳದಿ ಚಿನ್ನದಲ್ಲಿ ತಗ್ಗಾಗಿ ಕೂಡಿಸಿದ, ಆ ಇಪ್ಪತ್ತೆಂಟು ಸೆಂಟಿನ ಗಣಿ ಹರಳನ್ನೇ. ಬಣ್ಣ ಎಚ್, ಶುದ್ಧತೆ ಎಸ್‌ಐ1. ನಿಶ್ಚಿತಾರ್ಥದ ದಿನ ಅದರ ಸೆಂಟ್ ಎಷ್ಟು ಎಂದು ಯಾರೂ ಕೇಳಲಿಲ್ಲ. ಹುಡುಗಿ ಮಾತ್ರ ಸಂಜೆಯವರೆಗೂ ಕೈ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಲೇ ಇದ್ದಳು.

ಬೆರಳಿನ ಅಳತೆಯನ್ನು ಸಂಜೆ ಹೊತ್ತು ತೆಗೆಸಿ, ಬೆಳಗಿನ ಚಳಿಯಲ್ಲಿ ಬೆರಳು ಸಣ್ಣಗಿರುತ್ತದೆ. ಸರಿಪಡಿಸಲು ಸಮಯ ಸಿಗುವಂತೆ ಒಂದು ತಿಂಗಳು ಮೊದಲೇ ಕೊಳ್ಳಿ. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ಕೊಬ್ಬರಿ ಎಣ್ಣೆ ಹಚ್ಚುವಾಗ, ಅರಿಶಿನ ಕಲಸುವಾಗ ತೆಗೆದಿಡಿ. ಮಂಕಾದರೆ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಸಿ ಮೆತ್ತನೆಯ ಬ್ರಷ್‌ನಿಂದ ಉಜ್ಜಿದರೆ ಸಾಕು. ಬಿಲ್ಲು, ಪ್ರಮಾಣಪತ್ರಗಳನ್ನು ಉಂಗುರದ ಡಬ್ಬಿಯಲ್ಲಿಡದೆ ಬೇರೆ ಕಡೆ ಇಡಿ. ಆರು ತಿಂಗಳಿಗೊಮ್ಮೆ ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ. ಕಿಣಿಕಿಣಿ ಎಂದು ಸಣ್ಣ ಸದ್ದು ಬಂದರೂ ಹರಳು ಸಡಿಲವಾಗಿದೆ ಎಂದರ್ಥ; ಅಂದೇ ಅಕ್ಕಸಾಲಿಗರ ಹತ್ತಿರ ಕೊಂಡುಹೋಗಿ.