ಪಿನ್ನು ಹಾಕಿಯೇ ಊಟಕ್ಕೆ ಏಳಿ

ಹ್ಯಾಂಗರಿನ ಕೆಲಸಕ್ಕೆ ಹೊಸದಾಗಿ ಸೇರಿರುವ ಮಕ್ಕಳೇ, ನಿಮಗೆಲ್ಲ ಎಂಜಿನ್ ಮೇಲೆಯೇ ಕಣ್ಣು. ಇರಲಿ, ಅದು ವಯಸ್ಸಿನ ಆಸೆ. ಆದರೆ ಮೊದಲು ಬಾಲದ ಕಡೆಗೆ ಬನ್ನಿ, ಎಲಿವೇಟರ್ ಮತ್ತು ರಡ್ಡರಿನ ಕೀಲುಗಳನ್ನು ನೋಡಿ. ಎಂಜಿನ್ ಒಂದು ನಿಂತರೂ ವಿಮಾನವನ್ನು ಇಳಿಸುವ ದಾರಿಗಳುಂಟು. ಎಲಿವೇಟರಿನ ಕೊಂಡಿ ಕಳಚಿಕೊಂಡರೆ ಪೈಲಟ್ ಕೈಯಲ್ಲಿ ಉಳಿಯುವುದು ಬರೀ ಹಿಡಿಕೆ.

2000ದ ಫೆಬ್ರವರಿ 16ರ ಸಂಜೆ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಬಳಿಯ ಮಾಥರ್ ನಿಲ್ದಾಣದಿಂದ ಎಮರಿ ಕಂಪನಿಯ ಡಿಸಿ-8 ಸರಕು ವಿಮಾನ ಮೇಲೇರಿತು. ಆ ವಿಮಾನದಲ್ಲಿ ಪೈಲಟ್ ಎಲಿವೇಟರನ್ನು ನೇರವಾಗಿ ತಿರುಗಿಸುವುದಿಲ್ಲ. ಅದರ ಹಿಂದಿನ ಅಂಚಿನಲ್ಲಿರುವ ಸಣ್ಣ ಟ್ಯಾಬನ್ನು ತಿರುಗಿಸುತ್ತಾನೆ, ಉಳಿದದ್ದನ್ನು ಗಾಳಿ ಮಾಡುತ್ತದೆ. ಬಲಗಡೆಯ ಟ್ಯಾಬಿಗೆ ಪುಶ್ ರಾಡನ್ನು ಜೋಡಿಸುವ ಬೋಲ್ಟು ಕಳಚಿತ್ತು. ವಿಮಾನ ಮೂತಿ ಎತ್ತಿ, ಎಡಕ್ಕೆ ವಾಲಿತು. ಹಿಂತಿರುಗಲು ಹೆಣಗಾಡುತ್ತಲೇ ಹಳೇ ಕಾರುಗಳನ್ನು ಬಿಚ್ಚುವ ಗುಜರಿ ಅಂಗಳಕ್ಕೆ ಬಿತ್ತು. ಮೂವರು ಸಿಬ್ಬಂದಿಯೂ ಹೋದರು. ಬೋಲ್ಟನ್ನು ಸರಿಯಾಗಿ ಭದ್ರ ಮಾಡಿರಲಿಲ್ಲ, ಸರಿಯಾಗಿ ಪರೀಕ್ಷೆಯನ್ನೂ ಮಾಡಿರಲಿಲ್ಲ ಎಂದು ತನಿಖೆ ಹೇಳಿತು.

ಗಟ್ಟಿಯಾಗಿ ಬಿಗಿದರೆ ಸಾಲದೇ ಎಂದು ನೀವು ಕೇಳುತ್ತೀರಿ. ಸಾಲದು. ನಟ್ಟನ್ನು ಹಿಡಿದಿಡುವುದು ಥ್ರೆಡ್ಡುಗಳ ನಡುವಿನ ಘರ್ಷಣೆ. ಜೋಡಿಸಿದ ಭಾಗಗಳು ಅಡ್ಡಡ್ಡ ಕೂದಲೆಳೆಯಷ್ಟು ಜಾರಿದರೂ ಆ ಕ್ಷಣಕ್ಕೆ ಘರ್ಷಣೆಯ ಹಿಡಿತ ಸಡಿಲುತ್ತದೆ, ನಟ್ಟು ತಾನಾಗಿ ಹಿಂದಕ್ಕೆ ತಿರುಗುತ್ತದೆ. ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರ್ 1969ರಲ್ಲೇ ಇದನ್ನು ಯಂತ್ರದ ಮೇಲೆ ಪ್ರಯೋಗ ಮಾಡಿ ತೋರಿಸಿದರು. ತುಂಬ ಬಿಗಿದರೆ ಜಾರುವುದನ್ನು ತಡೆಯಬಹುದು, ನಿಜ. ಆದರೆ ಕಂಟ್ರೋಲಿನ ಕೀಲು ಆಡಲೇಬೇಕಲ್ಲ, ಅದನ್ನು ಹಾಗೆ ಬಿಗಿಯುವ ಹಾಗಿಲ್ಲ. ಪೈಲಟ್ ಹಿಡಿಕೆ ಆಡಿಸಿದಾಗಲೆಲ್ಲ ಆ ಬೋಲ್ಟಿಗೂ ಒಂದಿಷ್ಟು ತಿರುಗುವ ಸೆಳೆತ ಬೀಳುತ್ತದೆ. ಎತ್ತಿನ ಬಂಡಿಯ ಅಚ್ಚಿನ ತುದಿಗೆ ಕಡಾಣಿ ಇಲ್ಲದಿದ್ದರೆ ಗಾಲಿ ಎಷ್ಟು ದೂರ ಬಂದೀತು?

ಅದಕ್ಕೇ ತಿರುಗುವ ಕೀಲಿಗೆ ನೈಲಾನ್ ಉಂಗುರದ ನಟ್ಟೊಂದನ್ನೇ ನಂಬಬಾರದು. ಅದು ಹಿಡಿಯುವುದೂ ಘರ್ಷಣೆಯಿಂದಲೇ. ಅಲ್ಲಿ ಬೇಕಾದದ್ದು ಕ್ಯಾಸಲ್ ನಟ್ಟು, ಅದರ ಸೀಳಿನಲ್ಲಿ ತೂರಿದ ಸ್ಪ್ಲಿಟ್ ಪಿನ್ನು. ಒಂದು ಬೋಲ್ಟು ಹೋದರೆ ವಿಮಾನವೇ ಹೋಗುವಂಥ ಜಾಗದಲ್ಲಿ ಎರಡು ಬೇರೆ ಬೇರೆ ಬೀಗ ಇರಬೇಕೆಂದು ಅಮೆರಿಕದ ದೊಡ್ಡ ವಿಮಾನಗಳ ವಿನ್ಯಾಸದ ನಿಯಮ 25.607 ಕಡ್ಡಾಯ ಮಾಡಿದೆ. ಎರಡು ಯಾಕೆ ಎಂಬುದಕ್ಕೆ 2022ರ ಸೆಪ್ಟೆಂಬರ್ 4 ಸಾಕು. ಅಂದು ವಾಷಿಂಗ್ಟನ್ ರಾಜ್ಯದ ಮ್ಯೂಟಿನಿ ಕೊಲ್ಲಿಗೆ ಆಟರ್ ಎಂಬ ಸಣ್ಣ ತೇಲುವಿಮಾನ ಬಿದ್ದು ಹತ್ತು ಮಂದಿ ತೀರಿಕೊಂಡರು. ಸಮುದ್ರದ ತಳದಿಂದ ಎತ್ತಿದ ಬಾಲದ ಟ್ರಿಮ್ ಆಕ್ಚುವೇಟರಿನಲ್ಲಿ ಥ್ರೆಡ್ಡು ಹರಿದಿರಲಿಲ್ಲ. ನಟ್ಟು ತಿರುಗಿ ತಿರುಗಿ ಆಚೆ ಬಂದಿತ್ತು. ಅದನ್ನು ತಡೆಯಬೇಕಿದ್ದ ಲಾಕ್ ರಿಂಗ್ ಅಲ್ಲಿರಲಿಲ್ಲ, ಇಲ್ಲವೇ ಸರಿಯಾಗಿ ಕೂತಿರಲಿಲ್ಲ. ಅದೊಂದೇ ಬೀಗವಾಗಿತ್ತು. ಈ ದುರಂತದ ತನಿಖೆಯ ವರದಿಯನ್ನು ನೀವು ಪೂರ್ತಿ ಓದಬೇಕು, ಪರೀಕ್ಷೆಗೆ ಕೇಳುವುದಿಲ್ಲ ಎಂದು ಬಿಡಬೇಡಿ.

ಇನ್ನು ಕೈಕೆಲಸದ ಮಾತು. ಕ್ಯಾಸಲ್ ನಟ್ಟನ್ನು ಟಾರ್ಕಿನ ಕೆಳಮಿತಿಯಿಂದ ಬಿಗಿಯಲು ಶುರು ಮಾಡಿ. ನಟ್ಟಿನ ಸೀಳೂ ಬೋಲ್ಟಿನ ತೂತೂ ನೇರಕ್ಕೆ ಬಾರದಿದ್ದರೆ ಮೇಲ್ಮಿತಿಯೊಳಗೆ ಇನ್ನಷ್ಟು ಬಿಗಿಯಿರಿ, ಆಗಲೂ ಬಾರದಿದ್ದರೆ ವಾಷರ್ ಬದಲಿಸಿ. ಹಿಂದಕ್ಕೆ ಸಡಿಲಿಸಿ ಪಿನ್ನು ತೂರಿಸುವ ಚಾಳಿ ಮಾತ್ರ ಬೇಡ. ಒಮ್ಮೆ ಬಾಗಿಸಿ ತೆಗೆದ ಪಿನ್ನು ಕಸದ ಡಬ್ಬಿಗೆ. ನೈಲಾನ್ ನಟ್ಟು ಬೆರಳಲ್ಲೇ ಕೊನೆಯವರೆಗೂ ತಿರುಗಿದರೆ ಅದೂ ಅಲ್ಲಿಗೇ. ಲಾಕ್ ವೈರ್ ಕಟ್ಟುವಾಗ ತಂತಿಯ ಎಳೆತ ಬಿಗಿಯುವ ದಿಕ್ಕಿಗೇ ಇರಬೇಕು. ದಿಕ್ಕು ತಪ್ಪಿದರೆ ಹೆಣಿಗೆ ಎಷ್ಟು ಅಂದವಾಗಿದ್ದರೂ ಪ್ರಯೋಜನವಿಲ್ಲ. ಕೈಪಿಡಿ ಬೇರೆ ಹೇಳದಿದ್ದರೆ ಬೋಲ್ಟಿನ ತಲೆ ಮೇಲಕ್ಕೋ ಮುಂದಕ್ಕೋ ಇರಲಿ. ನಟ್ಟು ಹೋದರೂ ಬೋಲ್ಟು ತನ್ನ ಜಾಗದಲ್ಲಿ ಇನ್ನಷ್ಟು ಹೊತ್ತು ನಿಂತೀತು.

ನನಗೆ ಹೆಚ್ಚು ಭಯ ಇರುವುದು ಅರ್ಧಕ್ಕೆ ನಿಂತ ಕೆಲಸದ ಬಗ್ಗೆ. ನಟ್ಟು ಕೂರಿಸಿದಿರಿ, ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು, ಪಿನ್ನು ಆಮೇಲೆ ಎಂದು ಎದ್ದಿರಿ. ಪಾಳಿ ಬದಲಾಯಿತು. ಮುಂದಿನವನ ಕಣ್ಣಿಗೆ ಅದು ಮುಗಿದ ಕೆಲಸ, ಯಾಕೆಂದರೆ ನಟ್ಟು ಕಾಣುತ್ತಿದೆ. ಮುಚ್ಚಳ ಹಾಕುತ್ತಾನೆ. ಕಾಕ್‌ಪಿಟ್ಟಿನಲ್ಲಿ ಹಿಡಿಕೆ ಆಡಿಸಿ ನೋಡಿದರೂ ತಿಳಿಯುವುದಿಲ್ಲ, ಪಿನ್ನಿಲ್ಲದ ಬೋಲ್ಟೂ ಅವತ್ತಿಗೆ ಸರಿಯಾಗಿಯೇ ಕೆಲಸ ಮಾಡುತ್ತದೆ. ಆದ್ದರಿಂದ ಪಿನ್ನು ಹಾಕಿಯೇ ಏಳಿ. ಏಳಲೇಬೇಕಾದರೆ ನಟ್ಟನ್ನೂ ತೆಗೆದು ಚೀಲದಲ್ಲಿ ಹಾಕಿ, ಕೆಂಪು ಚೀಟಿ ಕಟ್ಟಿ, ಪುಸ್ತಕದಲ್ಲಿ ಬರೆದು ಏಳಿ.

ಎರಡನೆಯವರಾಗಿ ಪರೀಕ್ಷೆಗೆ ಕರೆದಾಗ ಟಾರ್ಚು, ಕನ್ನಡಿ ಹಿಡಿದು ಹೋಗಿ. ಕರೆದವರು ನಿಮ್ಮ ಗುರುಗಳೇ ಆಗಿರಬಹುದು, ‘ನಾನೇ ಹಾಕಿದ್ದೇನಪ್ಪಾ, ಸೈನ್ ಮಾಡು’ ಅನ್ನಬಹುದು. ‘ಒಂದು ಸಲ ನೋಡಿಬಿಡುತ್ತೇನೆ ಸರ್’ ಅನ್ನಿ. ಪಿನ್ನಿನ ಎರಡು ಕಾಲೂ ಬಾಗಿರುವುದನ್ನು ಕಂಡ ಮೇಲೆ ಪೆನ್ನು ತೆಗೆಯಿರಿ. ನಿಜವಾದ ಗುರುವಾದರೆ ಕನ್ನಡಿಯನ್ನು ತಾವೇ ಹಿಡಿದು ತೋರಿಸುತ್ತಾರೆ.