ಬೆಳಕು ಕುಗ್ಗಿದರೆ ಕಿಣ್ವ ನಿಂತಿತೇ?

ಪ್ರಶ್ನೆ: ಬ್ಯಾಕ್ಟೀರಿಯಾದ ಕಿಣ್ವಗಳು ಪ್ರೋಟೀನನ್ನು ಮಾರ್ಪಡಿಸುವುದನ್ನು ಬೆಳಕಿನಿಂದ ಅಳೆಯುತ್ತಾರಂತೆ. ಅದು ಹೇಗೆ?

ಉತ್ತರ: ಒಂದೇ ಕಿಣ್ವವನ್ನು ಹಿಡಿದು ನೋಡೋಣ. ಕುರು, ಕೀವುಹುಣ್ಣು ತರುವ ಸ್ಟ್ಯಾಫಿಲೊಕಾಕಸ್ ಆರಿಯಸ್‌ನಲ್ಲಿ ಸಾರ್ಟೇಸ್ ಎ ಎಂಬ ಕಿಣ್ವವಿದೆ. ಓಲಾಫ್ ಶ್ನೀವಿಂಡ್ ಅವರ ತಂಡ 1999ರಲ್ಲಿ ಇದರ ಜೀನನ್ನು ಗುರುತಿಸಿತು. ನಮ್ಮ ಅಂಗಾಂಶಕ್ಕೆ ಅಂಟಿಕೊಳ್ಳುವ ಪ್ರೋಟೀನುಗಳನ್ನು ಬ್ಯಾಕ್ಟೀರಿಯಾದ ಹೊರಗೋಡೆಗೆ ನೆಡುವುದು ಇದರ ಕಸುಬು. ಪ್ರೋಟೀನಿನ ಬಾಲದ ಬಳಿ ಲ್ಯೂಸಿನ್, ಪ್ರೋಲಿನ್, ಮಧ್ಯೆ ಯಾವುದಾದರೊಂದು, ಆಮೇಲೆ ಥ್ರಿಯೊನಿನ್, ಗ್ಲೈಸಿನ್: ಈ ಐದು ಅಮೈನೊ ಆಮ್ಲಗಳ ಸಾಲು ಸಿಕ್ಕರೆ ಕೊನೆಯ ಎರಡರ ನಡುವೆ ಕತ್ತರಿಸಿ, ತುದಿಯನ್ನು ಗೋಡೆಯ ಗ್ಲೈಸಿನ್ ಕೊಂಡಿಗೆ ಬೆಸೆಯುತ್ತದೆ.

ಪರೀಕ್ಷೆಗೆ ಇಡೀ ಪ್ರೋಟೀನು ಬೇಕಿಲ್ಲ, ಈ ಸಾಲಿನ ಪುಟ್ಟ ಪೆಪ್ಟೈಡ್ ಸಾಕು. ಅದರ ಒಂದು ತುದಿಗೆ ಹೊಳೆಯುವ ಅಣು, ಇನ್ನೊಂದಕ್ಕೆ ಆ ಹೊಳಪನ್ನು ನುಂಗುವ ಅಣು ಕೂರಿಸುತ್ತಾರೆ. ಹತ್ತಿರವಿದ್ದಾಗ 320 ನ್ಯಾನೊಮೀಟರಿನ ಬೆಳಕು ಬಿಟ್ಟರೂ ಮಂಕು. ಕಿಣ್ವ ಕತ್ತರಿಸಿತೋ, ಎರಡೂ ಬೇರೆಯಾಗಿ 420ರ ಸುಮಾರಿನ ನೀಲಿ ಬೆಳಕು ಏರತೊಡಗುತ್ತದೆ. ಈ ನುಂಗಾಟ ದೂರಕ್ಕೆ ಬಹಳ ಅಂಜುತ್ತದೆ: ಅಂತರ ಇಮ್ಮಡಿಯಾದರೆ ಶಕ್ತಿ ದಾಟುವ ವೇಗ 64ನೇ ಒಂದು ಪಾಲಿಗೆ ಇಳಿಯುತ್ತದೆ. ನಿಮಿಷಕ್ಕೆಷ್ಟು ಬೆಳಕು ಏರಿತು ಎಂಬುದೇ ಕಿಣ್ವದ ಚುರುಕು. 96 ಗುಳಿಗಳ ತಟ್ಟೆಯಲ್ಲಿ ಹತ್ತಾರು ರಾಸಾಯನಿಕಗಳನ್ನು ಒಟ್ಟಿಗೇ ಪರೀಕ್ಷಿಸಬಹುದು.

ಆದರೆ ಈ ಬೆಳಕು ಹೇಳುವುದು ಕತ್ತರಿಸಿದ್ದನ್ನು ಮಾತ್ರ. ಬೆಸೆದದ್ದನ್ನು ಹೇಳುವುದಿಲ್ಲ. ಗ್ಲೈಸಿನ್ ಸಿಗದಿದ್ದರೆ ಸಾರ್ಟೇಸ್ ನಿಧಾನವಾಗಿ ನೀರಿನಿಂದಲೇ ಕೆಲಸ ಮುಗಿಸುತ್ತದೆ, ಆಗಲೂ ಬೆಳಕು ಏರುತ್ತದೆ. ಅದಕ್ಕೇ ಉತ್ಪನ್ನಗಳನ್ನು ಎಚ್‌ಪಿಎಲ್‌ಸಿ ಯಂತ್ರದಲ್ಲಿ ಬೇರ್ಪಡಿಸಿ ನೋಡುವುದು.

ಔಷಧ ಹುಡುಕುವವರಿಗೆ ಇನ್ನೂ ದೊಡ್ಡ ತಲೆನೋವಿದೆ. ಸಾರ್ಟೇಸ್ ಇಲ್ಲದ ಬ್ಯಾಕ್ಟೀರಿಯಾ ಪ್ರಯೋಗಾಲಯದಲ್ಲಿ ಆರಾಮಾಗಿ ಬೆಳೆಯುತ್ತದೆ, ಆದರೆ ಇಲಿಗಳಲ್ಲಿ ಸೋಂಕು ಹಬ್ಬಿಸಲು ತಿಣುಕುತ್ತದೆ. ಹಾಗಾಗಿ ಇದನ್ನು ತಡೆಯುವ ವಸ್ತುಗಳಿಗೆ ಹುಡುಕಾಟ ನಡೆದಿದೆ. ಅರಿಶಿನದ ಕರ್ಕ್ಯುಮಿನ್ ತಡೆಯುತ್ತದೆ ಎಂಬ ವರದಿಗಳೂ ಇವೆ. ನನಗೆ ಇಲ್ಲಿ ಅನುಮಾನ ಬರುವುದು ಅದರ ಹಳದಿಯ ಮೇಲೆಯೇ: ಕರ್ಕ್ಯುಮಿನ್ ಬಲವಾಗಿ ಹೀರುವುದು ಇದೇ 420ರ ಆಸುಪಾಸಿನ ಬೆಳಕನ್ನು, ಜೊತೆಗೆ ತಾನೂ ಹೊಳೆಯುತ್ತದೆ. ಕಿಣ್ವ ಕೆಲಸ ಮಾಡುತ್ತಲೇ ಇದ್ದರೂ ಯಂತ್ರ ಕಡಿಮೆ ತೋರಿಸೀತು. ಪತ್ತೆ ಹಚ್ಚುವ ದಾರಿ ಸುಲಭ. ಮೊದಲೇ ಕತ್ತರಿಸಿ ಮುಗಿದ ಪೆಪ್ಟೈಡಿಗೆ ಅದೇ ವಸ್ತುವನ್ನು ಬೆರೆಸಿ. ಆಗಲೂ ಬೆಳಕು ಕುಸಿದರೆ, ಅಷ್ಟು ಕುಸಿತವನ್ನು ಕಿಣ್ವದ ಲೆಕ್ಕಕ್ಕೆ ಹಾಕುವಂತಿಲ್ಲ.